ತಕ್ಕಡಿ ಹಿಡಿದವರ ಧರ್ಮ: ಆಟಗಾರರ ವಿನಿಮಯ ಮತ್ತು ಲೀಗಿನ ತಡೆ

ಶಿವಮೊಗ್ಗದ ಕೃಷಿ ಉತ್ಪನ್ನ ಮಾರುಕಟ್ಟೆಯ ಅಂಗಳದಲ್ಲಿ ಅಡಿಕೆಯ ವ್ಯಾಪಾರ ನಡೆಯುವ ಕ್ರಮವನ್ನು ಮಲೆನಾಡಿನ ಮನೆಗಳಿಗೆ ವಿವರಿಸಬೇಕಾದುದಿಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ದರ್ಜೆಗೊಂಡ ಮಾಲು ಮಂಡಿಗೆ ಬರುತ್ತದೆ. ಖರೀದಿದಾರರು ತಮ್ಮ ತಮ್ಮ ದರವನ್ನು ನಮೂದಿಸುತ್ತಾರೆ. ಹೆಚ್ಚಿನ ದರ ಕೂಗಿದವನಿಗೆ ಮಾಲು ಸಲ್ಲುತ್ತದೆ. ಆ ದರವೂ ಒಪ್ಪಿಗೆಯಾಗದಿದ್ದರೆ ಬೆಳೆಗಾರನು ಮಾಲನ್ನು ಕೊಡದೆ ಉಳಿಸಿಕೊಳ್ಳಬಹುದು. ತೂಕದಲ್ಲಿ ಮೋಸ ಕಂಡುಬಂದರೆ ಮಾರುಕಟ್ಟೆ ಸಮಿತಿಯವರು ಮಧ್ಯೆ ಪ್ರವೇಶಿಸಿ ವ್ಯವಹಾರವನ್ನೇ ತಡೆಯಬಹುದು. ಬೆಳೆಗಾರನ ನಿರಾಕರಣೆಯು ಒಡೆತನದ ಹಕ್ಕು. ಸಮಿತಿಯ ತಡೆಯು ನ್ಯಾಯಪಾಲನೆಯ ಅಧಿಕಾರ. ಇವೆರಡೂ ಬೇರೆ ಬೇರೆ ಕೈಗಳಲ್ಲಿರುವವರೆಗೆ ಅಂಗಳದಲ್ಲಿ ನಂಬಿಕೆ ಉಳಿಯುತ್ತದೆ. ಸಮಿತಿಯ ಕಾರ್ಯದರ್ಶಿಯೇ ತನ್ನದೊಂದು ರಾಶಿಯನ್ನು ಅಲ್ಲಿ ಹಾಕಿಸಿ, ಬಂದ ದರವನ್ನು ತಾನೇ ತಿರಸ್ಕರಿಸಿದನೆಂದರೆ, ಅವನು ಮಾರುವವನಾಗಿ ತಿರಸ್ಕರಿಸಿದನೋ ಅಧಿಕಾರಿಯಾಗಿ ತಿರಸ್ಕರಿಸಿದನೋ ಎಂಬುದನ್ನು ಹೇಳಬಲ್ಲವರು ಯಾರು?

ವೃತ್ತಿಪರ ಕ್ರೀಡಾ ಲೀಗುಗಳಲ್ಲಿ ಏಳುವ ಒಂದು ಬಹುಮುಖ್ಯ ವಿವಾದದ ತಿರುಳು ಇದೇ ಆಗಿದೆ. ಒಂದು ತಂಡವು ತನ್ನ ಆಟಗಾರನನ್ನು ಮತ್ತೊಂದು ತಂಡಕ್ಕೆ ಕೊಟ್ಟು ಬೇರೊಬ್ಬನನ್ನು ಪಡೆಯಲು ಒಪ್ಪುತ್ತದೆ. ಲೀಗಿನ ಆಡಳಿತವು ಅದನ್ನು ತಡೆಯುತ್ತದೆ. ಈ ತಡೆ ನ್ಯಾಯವೇ? ಆಟವೆಂದರೆ ಮನರಂಜನೆ, ಅದರ ಕೊಡುಕೊಳೆಯಲ್ಲಿ ನೀತಿಯ ವಿಚಾರವೇಕೆ ಎಂದು ಹಿರಿಯರು ಕೇಳುವುದುಂಟು. ಆದರೆ ಈ ಕೊಡುಕೊಳೆಯಲ್ಲಿ ಕೈ ಬದಲಾಗುವುದು ಅಡಿಕೆಯ ಚೀಲವಲ್ಲ, ಮನುಷ್ಯನ ದುಡಿಮೆ. ವ್ಯಾಪಾರಿಯ ದುಡಿಮೆ ನಲವತ್ತು ವರ್ಷ ನಡೆದೀತು. ಆಟಗಾರನ ದುಡಿಮೆ ಹತ್ತು ಹದಿನೈದು ವರ್ಷಗಳಲ್ಲಿ ಮುಗಿದುಹೋಗುತ್ತದೆ. ಅದರಲ್ಲಿ ಒಂದು ವರ್ಷ ವ್ಯರ್ಥವಾಯಿತೆಂದರೆ ಆ ನಷ್ಟವನ್ನು ಮುಂದೆ ಯಾವ ಬಡ್ಡಿಯಿಂದಲೂ ತುಂಬಿಕೊಳ್ಳಲಾಗದು.

ಮೊದಲಿಗೆ ನಮ್ಮ ದೇಶದ ಕ್ರಮವನ್ನು ನೋಡಬಹುದು. ಇಂಡಿಯನ್ ಪ್ರೀಮಿಯರ್ ಲೀಗ್ 2008ರಲ್ಲಿ ಆರಂಭವಾಯಿತು. ಆಗ ನಡೆದ ಹರಾಜಿನಲ್ಲಿ ಕೊಡಗಿನ ಮೂಲದ ರಾಬಿನ್ ಉತ್ತಪ್ಪ ಅವರನ್ನು ಮುಂಬಯಿ ತಂಡವೂ ಜಹೀರ್ ಖಾನ್ ಅವರನ್ನು ಬೆಂಗಳೂರು ತಂಡವೂ ಕೊಂಡವು. ಮರುವರ್ಷ ಎರಡೂ ತಂಡಗಳು ಈ ಇಬ್ಬರನ್ನು ಪರಸ್ಪರ ಬದಲಾಯಿಸಿಕೊಂಡವು. ಜಹೀರ್ ಮುಂಬಯಿಗೆ ಹೋದರು, ಉತ್ತಪ್ಪ ಬೆಂಗಳೂರಿಗೆ ಬಂದರು. ಲೀಗು ಅಡ್ಡಿಪಡಿಸಲಿಲ್ಲ, ಯಾರಿಗೂ ಅನ್ಯಾಯವಾಯಿತೆಂಬ ಕೂಗೂ ಏಳಲಿಲ್ಲ. 2021ರಲ್ಲಿ ದೆಹಲಿ ತಂಡದಿಂದ ಇದೇ ಬಗೆಯಲ್ಲಿ ಬೆಂಗಳೂರಿಗೆ ಬಂದ ಹರ್ಷಲ್ ಪಟೇಲ್ ಆ ಸಾಲಿನಲ್ಲಿ 32 ವಿಕೆಟ್ ಪಡೆದರು. ಇಂಥ ವಿನಿಮಯಕ್ಕೆ ಎರಡು ತಂಡಗಳ ಸಹಮತ, ಆಟಗಾರನ ಒಪ್ಪಿಗೆ, ಲೀಗಿನ ಅನುಮೋದನೆ ಈ ಮೂರೂ ಬೇಕು. ನಿಯಮವು ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ತಂಡದಿಂದ ತಂಡಕ್ಕೆ ಸಲ್ಲುವ ವರ್ಗಾವಣೆಯ ಹಣವೆಷ್ಟೆಂಬುದನ್ನು ಸಾರ್ವಜನಿಕವಾಗಿ ಪ್ರಕಟಿಸುವ ಪದ್ಧತಿಯಿಲ್ಲ. ಹರಾಜಿನ ದರವನ್ನು ಊರಿಗೆಲ್ಲ ಕೂಗಿ ಹೇಳಿ, ವಿನಿಮಯದ ದರವನ್ನು ಮುಚ್ಚಿಡುವುದು ಒಳ್ಳೆಯ ವ್ಯಾಪಾರದ ಲಕ್ಷಣವಲ್ಲ.

ಲೀಗಿಗೆ ತಡೆಯುವ ಅಧಿಕಾರವೇ ಇರಬಾರದೆಂದು ವಾದಿಸುವುದು ಸುಲಭ, ಆದರೆ ಸಾಧುವಲ್ಲ. ಲೀಗು ಒಂದು ಸಾಮಾನ್ಯ ಬಜಾರಲ್ಲ. ಬಜಾರಿನಲ್ಲಿ ಎದುರಿನ ಅಂಗಡಿ ಮುಚ್ಚಿದರೆ ಈ ಅಂಗಡಿಗೆ ಲಾಭ. ಲೀಗಿನಲ್ಲಿ ಎದುರಿನ ತಂಡ ಮುಳುಗಿದರೆ ಆಡಲು ಯಾರೂ ಉಳಿಯುವುದಿಲ್ಲ. ಶ್ರೀಮಂತ ತಂಡವೊಂದು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳದಂತೆ ವೆಚ್ಚಕ್ಕೆ ಮಿತಿ ಹಾಕಲಾಗಿದೆ. ಎರಡು ತಂಡಗಳು ಗುಟ್ಟಾಗಿ ಕೈಜೋಡಿಸಿ ಒಬ್ಬರ ಬಲವನ್ನು ಇನ್ನೊಬ್ಬರಿಗೆ ವರ್ಗಾಯಿಸಿದರೆ ಮೂರನೆಯವರಿಗೆ ವಂಚನೆಯಾಗುತ್ತದೆ. ಅಂಥ ಸಂದರ್ಭದಲ್ಲಿ ತಡೆಯದ ಲೀಗೇ ದೋಷಿ. ಆದ್ದರಿಂದ ಪ್ರಶ್ನೆ ತಡೆಯಬಹುದೇ ಎಂಬುದಲ್ಲ. ಯಾರು, ಯಾವ ನಿಯಮದಿಂದ, ಯಾವ ಕಾರಣವನ್ನು ಹೇಳಿ ತಡೆದರು ಎಂಬುದೇ ಪ್ರಶ್ನೆ.

ಈ ಒರೆಗಲ್ಲಿಗೆ ಎರಡು ಭಾರತೀಯ ಪ್ರಕರಣಗಳನ್ನು ಹಚ್ಚಬಹುದು. 2008ರ ಮೊದಲ ಪ್ರಶಸ್ತಿ ಗೆದ್ದ ರಾಜಸ್ಥಾನ ರಾಯಲ್ಸ್ ತಂಡದಲ್ಲಿ ರವೀಂದ್ರ ಜಡೇಜ ಎಂಬ ತರುಣ ಆಟಗಾರರಿದ್ದರು. ತಮ್ಮ ತಂಡದೊಂದಿಗಿನ ಒಪ್ಪಂದವನ್ನು ನವೀಕರಿಸದೆ ಬೇರೆ ತಂಡದೊಡನೆ ನೇರ ಮಾತುಕತೆ ನಡೆಸಿದರೆಂಬ ಕಾರಣಕ್ಕೆ ಲೀಗು ಅವರನ್ನು 2010ರ ಇಡೀ ಸಾಲಿನಿಂದ ಹೊರಗಿಟ್ಟಿತು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಮರುವರ್ಷ, 2011ರಲ್ಲಿ, ಕರ್ನಾಟಕದ ಮನೀಶ್ ಪಾಂಡೆ ಅವರ ಸರದಿ ಬಂದಿತು. 2009ರಲ್ಲಿ ಬೆಂಗಳೂರು ತಂಡದ ಪರವಾಗಿ 114 ಓಟ ಗಳಿಸಿ, ಆ ಲೀಗಿನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯರೆನಿಸಿದವರು ಅವರು. ಒಪ್ಪಂದದ ನಿಯಮಗಳನ್ನು ಮೀರಿದರೆಂದು ಅವರನ್ನು ಮೊದಲ ನಾಲ್ಕು ಪಂದ್ಯಗಳಿಂದ ಅಮಾನತುಗೊಳಿಸಲಾಯಿತು.

ಇಲ್ಲಿ ನಿಯಮವು ಮೊದಲೇ ಇತ್ತೆಂಬುದನ್ನು ಒಪ್ಪಬೇಕು. ಕೊಟ್ಟ ಮಾತಿನ ಅವಧಿಯಲ್ಲಿ ಬೇರೆಡೆ ದರ ಕೇಳುವುದನ್ನು ಯಾವ ವ್ಯಾಪಾರಧರ್ಮವೂ ಮೆಚ್ಚುವುದಿಲ್ಲ. ಹಾಗಾದರೂ ತೂಕದಲ್ಲಿ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಮಾತುಕತೆಗೆ ಎರಡು ಕಡೆ ಇರುತ್ತದೆ. ಜಡೇಜ ಅವರು ಒಂದು ವರ್ಷ ಮನೆಯಲ್ಲಿ ಕುಳಿತರು; ಯಾವ ತಂಡವೂ ಅದೇ ಕಾರಣಕ್ಕಾಗಿ ಒಂದು ವರ್ಷ ಹೊರಗೆ ಕೂರಲಿಲ್ಲ. ಕೊಳ್ಳುವಾಗ ಒಂದು ಬಟ್ಟು, ಮಾರುವಾಗ ಇನ್ನೊಂದು ಬಟ್ಟು ಬಳಸುವುದನ್ನು ಶ್ರಾವಕನಿಗೆ ಹೇಳಿದ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದೆಂದು ನಮ್ಮ ಹಿರಿಯರು ಎಣಿಸಿದ್ದಾರೆ. ಅಂಗಡಿಯ ತಕ್ಕಡಿಗೆ ಸಲ್ಲುವ ಮಾತು ಶಿಕ್ಷೆಯ ತಕ್ಕಡಿಗೂ ಸಲ್ಲುತ್ತದೆ.

ಇದಕ್ಕಿಂತ ಆಳವಾದ ದೋಷವು ಆ ತಕ್ಕಡಿಯನ್ನು ಹಿಡಿದ ಮನೆಯಲ್ಲಿಯೇ ಇತ್ತು. 2008ರಲ್ಲಿ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು ತನ್ನ ನಿಯಮಾವಳಿಯ 6.2.4ನೆಯ ವಿಧಿಗೆ ತಿದ್ದುಪಡಿ ತಂದು, ಮಂಡಳಿಯನ್ನು ನಡೆಸುವವರು ಈ ಲೀಗಿನಲ್ಲಿ ವಾಣಿಜ್ಯ ಹಿತಾಸಕ್ತಿ ಹೊಂದಲು ದಾರಿಮಾಡಿತು. ಮಂಡಳಿಯ ಪದಾಧಿಕಾರಿಯಾಗಿದ್ದ ಎನ್. ಶ್ರೀನಿವಾಸನ್ ಅವರ ಇಂಡಿಯಾ ಸಿಮೆಂಟ್ಸ್ ಸಂಸ್ಥೆಯು ಚೆನ್ನೈ ತಂಡದ ಒಡೆತನ ಪಡೆದಿತ್ತು. ಅಂದರೆ ಎಲ್ಲ ತಂಡಗಳ ವ್ಯವಹಾರವನ್ನು ತೂಗುವ ಮನೆಯೊಳಗೆ ಒಂದು ತಂಡದ ಹಿತವೂ ಕುಳಿತಿತ್ತು. ಜಡೇಜ ಅಥವಾ ಪಾಂಡೆ ಅವರ ಪ್ರಕರಣದಲ್ಲಿ ಆ ಹಿತವು ಕೆಲಸ ಮಾಡಿತೆಂದು ಇಲ್ಲಿ ಆರೋಪಿಸುತ್ತಿಲ್ಲ. ಕೆಲಸ ಮಾಡಲಿಲ್ಲವೆಂದು ಆ ತರುಣರಿಗೆ ನಂಬಿಕೆ ಬರುವ ಏರ್ಪಾಡು ಇರಲಿಲ್ಲ ಎಂಬುದಷ್ಟೇ ಆಕ್ಷೇಪ.

2015ರ ಜನವರಿ 22ರಂದು ಸರ್ವೋಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನು ರದ್ದುಪಡಿಸಿತು. ಆ ತೀರ್ಪಿನ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬೆಟ್ಟಿಂಗ್ ಪ್ರಕರಣವನ್ನು ಮುಚ್ಚಿಹಾಕಿದರೆಂಬ ಆರೋಪವು ಶ್ರೀನಿವಾಸನ್ ಅವರ ಮೇಲೆ ಸಾಬೀತಾಗಲಿಲ್ಲ. ಆದರೂ ನ್ಯಾಯಾಲಯವು ಆ ಏರ್ಪಾಡನ್ನು ಉಳಿಯಗೊಡಲಿಲ್ಲ. ವ್ಯಕ್ತಿಯು ನಿರ್ದೋಷಿಯಾಗಿದ್ದರೂ ವ್ಯವಸ್ಥೆಯು ಸದೋಷವಾಗಿರಬಹುದು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವುದು, ತೀರ್ಪು ಸರಿಯಾಗಿದ್ದರೂ ತಪ್ಪು. ನಮ್ಮ ಸಾರ್ವಜನಿಕ ಜೀವನದಲ್ಲಿ ಈ ವಿವೇಕವು ಅತ್ಯಂತ ಅಗತ್ಯವಾದುದು.

ಈ ತತ್ತ್ವವನ್ನು ಅತ್ಯಂತ ಕಠಿಣವಾಗಿ ಪರೀಕ್ಷಿಸಿದ ಪ್ರಕರಣವು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ನಡೆಯಿತು. ನ್ಯೂ ಆರ್ಲಿಯನ್ಸ್ ಹಾರ್ನೆಟ್ಸ್ ಎಂಬ ತಂಡದ ಒಡೆಯರು ಸಂಕಷ್ಟಕ್ಕೆ ಸಿಲುಕಿದಾಗ, 2010ರ ಡಿಸೆಂಬರಿನಲ್ಲಿ ಲೀಗೇ ಆ ತಂಡವನ್ನು ಕೊಂಡುಕೊಂಡಿತು. ಹೀಗೆ ಉಳಿದ 29 ತಂಡಗಳ ಒಡೆಯರು ಕೂಡಿ ಮೂವತ್ತನೆಯ ತಂಡದ ಒಡೆಯರಾದರು. ಅದರಲ್ಲಿ ಕ್ರಿಸ್ ಪಾಲ್ ಎಂಬ ಶ್ರೇಷ್ಠ ಆಟಗಾರರಿದ್ದರು. ಅವರ ಒಪ್ಪಂದದ ಕೊನೆ ಸಮೀಪಿಸಿತ್ತು. ಅವಧಿ ಮುಗಿದ ಮೇಲೆ ಅವರು ಹೊರಟುಹೋದರೆ ತಂಡಕ್ಕೆ ಬದಲಾಗಿ ಏನೂ ದಕ್ಕುತ್ತಿರಲಿಲ್ಲ. ಆದ್ದರಿಂದ ತಂಡದ ವ್ಯವಸ್ಥಾಪಕ ಡೆಲ್ ಡೆಂಪ್ಸ್ ಅವರು 2011ರ ಡಿಸೆಂಬರ್ 8ರಂದು ಮೂರು ತಂಡಗಳ ನಡುವಣ ಒಂದು ವಿನಿಮಯವನ್ನು ಕುದುರಿಸಿದರು. ಪಾಲ್ ಅವರು ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ, ಲೇಕರ್ಸ್‌ನ ಪಾವ್ ಗಸೋಲ್ ಅವರು ಹ್ಯೂಸ್ಟನ್ ತಂಡಕ್ಕೆ; ಹಾರ್ನೆಟ್ಸ್‌ಗೆ ಲಾಮಾರ್ ಓಡಮ್, ಕೆವಿನ್ ಮಾರ್ಟಿನ್, ಲೂಯಿಸ್ ಸ್ಕೋಲಾ, ಗೊರಾನ್ ಡ್ರಾಗಿಚ್ ಎಂಬ ನಾಲ್ವರು ಆಟಗಾರರು ಮತ್ತು ಹೊಸ ಆಟಗಾರನನ್ನು ಆರಿಸಿಕೊಳ್ಳುವ ಒಂದು ಹಕ್ಕು.

ಅಂದೇ ಲೀಗಿನ ಕಮಿಷನರ್ ಡೇವಿಡ್ ಸ್ಟರ್ನ್ ಅವರು ಅದಕ್ಕೆ ತಡೆಯೊಡ್ಡಿದರು. ಲೀಗು ಕೊಟ್ಟ ವಿವರಣೆಯೆಂದರೆ, ಇದು ಆಟದ ದೃಷ್ಟಿಯ ಕಾರಣ ಎಂಬುದು ಮಾತ್ರ. ಅದೇ ಹೊತ್ತಿನಲ್ಲಿ ಕ್ಲೀವ್‌ಲೆಂಡ್ ತಂಡದ ಒಡೆಯ ಡ್ಯಾನ್ ಗಿಲ್ಬರ್ಟ್ ಅವರು ಈ ವಿನಿಮಯವನ್ನು ಉಗ್ರವಾಗಿ ಖಂಡಿಸಿ ಕಮಿಷನರಿಗೆ ಬರೆದ ಪತ್ರವೂ ಬಹಿರಂಗವಾಯಿತು. ಒಂದು ವಾರದೊಳಗೆ, ಡಿಸೆಂಬರ್ 14ರಂದು, ಪಾಲ್ ಅವರು ಅದೇ ನಗರದ ಕ್ಲಿಪ್ಪರ್ಸ್ ತಂಡಕ್ಕೆ ಹೋದರು. ಆ ವಿನಿಮಯಕ್ಕೆ ಲೀಗು ಒಪ್ಪಿತು.

ಸ್ಟರ್ನ್ ಅವರ ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ತಾವು ಕಮಿಷನರಾಗಿ ಇತರರ ವ್ಯವಹಾರವನ್ನು ರದ್ದುಪಡಿಸಲಿಲ್ಲ, ಹಾರ್ನೆಟ್ಸ್ ತಂಡದ ಒಡೆತನದ ಸ್ಥಾನದಲ್ಲಿ ನಿಂತು ದರ ಸಾಲದೆಂದು ನಿರಾಕರಿಸಿದೆವು ಎಂಬುದು ಅವರ ಸಮರ್ಥನೆ. ಅಡಿಕೆಯ ಅಂಗಳದ ಭಾಷೆಯಲ್ಲಿ ಹೇಳುವುದಾದರೆ, ಬೆಳೆಗಾರನಿಗೆ ಮಾಲು ಕೊಡದಿರುವ ಹಕ್ಕುಂಟು. ಗುಮಾಸ್ತನು ಕುದುರಿಸಿದ ವ್ಯವಹಾರವನ್ನು ಯಜಮಾನನು ಒಪ್ಪದಿರಬಹುದು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಪರಿಣಾಮವೂ ಅವರ ಕಡೆಗಿದೆಯೆಂದು ಹಲವರು ಹೇಳುತ್ತಾರೆ. 2012ರಲ್ಲಿ ಹಾರ್ನೆಟ್ಸ್ ತಂಡವು ಒಳ್ಳೆಯ ಬೆಲೆಗೆ ಹೊಸ ಒಡೆಯರಿಗೆ ಮಾರಾಟವಾಯಿತು. ಅದೇ ವರ್ಷದ ಚೀಟಿ ಎತ್ತುವಿಕೆಯಲ್ಲಿ ಮೊದಲ ಸ್ಥಾನ ಪಡೆದು ಆಂಥನಿ ಡೇವಿಸ್ ಎಂಬ ಅಪೂರ್ವ ತರುಣನನ್ನು ಪಡೆಯಿತು.

ಆದರೂ ಈ ಸಮರ್ಥನೆಯು ನ್ಯಾಯದ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. ಚೀಟಿಯ ಅದೃಷ್ಟವು ತೀರ್ಪಿನ ಧರ್ಮಾಧರ್ಮವನ್ನು ನಿರ್ಣಯಿಸಲಾರದು. ಕಳಪೆ ತೂಕದಿಂದ ಬಂದ ಲಾಭವು ಮುಂದೆ ದುಪ್ಪಟ್ಟಾದರೂ ತೂಕವು ಸರಿಯಾಗುವುದಿಲ್ಲ. ಇನ್ನು ಒಡೆತನದ ವಾದ. ಬೆಳೆಗಾರನು ದರ ನಿರಾಕರಿಸಿದಾಗ ಅವನಿಗೆ ಎದುರಿನ ಮಂಡಿಯವರ ಲಾಭ ನಷ್ಟ ಸಂಬಂಧಿಸಿದುದಲ್ಲ. ಹಾರ್ನೆಟ್ಸ್‌ನ ಒಡೆಯರೋ ಅದೇ 29 ಎದುರಾಳಿಗಳು! ಲೇಕರ್ಸ್ ಬಲಗೊಂಡರೆ ತಮಗೆ ಸೋಲೆಂದು ಅಂಜುವವರೇ, ಲೇಕರ್ಸ್‌ಗೆ ಮಾರಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ಯಜಮಾನರಾಗಿದ್ದರು. ಲೇಕರ್ಸ್ ಒಡೆಯರು ತಾವೂ ಆ ಇಪ್ಪತ್ತೊಂಬತ್ತರಲ್ಲಿ ಒಬ್ಬರಾಗಿದ್ದುದು ಈ ತೊಡಕನ್ನು ಇನ್ನಷ್ಟು ಬಿಗಿಗೊಳಿಸಿತು. ಇಂಥಲ್ಲಿ ಕಮಿಷನರು ತೊಟ್ಟ ಎರಡು ಪೇಟಗಳಲ್ಲಿ ಯಾವುದು ಮಾತನಾಡಿತೆಂಬುದು ಅವರ ಅಂತರಂಗಕ್ಕೆ ಮಾತ್ರ ತಿಳಿದ ವಿಷಯ. ಸಾರ್ವಜನಿಕ ನ್ಯಾಯವು ಒಬ್ಬರ ಅಂತರಂಗವನ್ನು ಆಧರಿಸಿ ನಿಲ್ಲಲಾಗದು.

ಮಾಡಬಹುದಾಗಿದ್ದುದು ಏನು? ತಂಡವನ್ನು ಕೊಂಡ ದಿನವೇ, ಆಟಗಾರರ ವಿಷಯದ ನಿರ್ಣಯವನ್ನು ಯಾವ ತಂಡಕ್ಕೂ ಸೇರದ ಒಬ್ಬ ಸ್ವತಂತ್ರ ವಿಶ್ವಸ್ತರಿಗೆ ಒಪ್ಪಿಸಿ, ಲೀಗು ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಾಗಿತ್ತು. ಅವರು ನಿರಾಕರಿಸಿದ್ದರೆ ಕಾರಣವನ್ನು ಬರೆದು ಕೊಡಬೇಕಾಗಿತ್ತು. ಅದೇ ನಿರಾಕರಣೆ, ಅದೇ ದಿನ, ಅಂಥವರ ಕೈಯಿಂದ ಬಂದಿದ್ದರೆ ಲೇಕರ್ಸ್ ತಂಡವು ನಿರಾಶೆಗೊಳ್ಳುತ್ತಿತ್ತೇ ಹೊರತು ವಂಚಿತವಾದೆವೆಂದು ಹೇಳುವಂತಿರಲಿಲ್ಲ. ಕೊನೆಯದಾಗಿ, ಆಟಗಾರರ ಸ್ಥಿತಿಯನ್ನು ನೆನೆಯಬೇಕು. ಗಸೋಲ್ ಅವರು ತಮ್ಮನ್ನು ಮಾರಿಬಿಟ್ಟ ತಂಡಕ್ಕೇ ಮರಳಿ ನಿಲ್ಲಬೇಕಾಯಿತು. ಒಡೆಯರ ಜಗಳದಲ್ಲಿ ಇವರ ಮನಸ್ಸನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ವಿಚಾರ ಶಿವಮೊಗ್ಗಕ್ಕೆ ದೂರದ್ದೆಂದು ತಿಳಿಯುವಂತಿಲ್ಲ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಆರಂಭವಾದಾಗ ಮಲೆನಾಡಿನ ಹೆಸರಿನಲ್ಲಿ ಒಂದು ತಂಡವಿತ್ತು. 2019ರಲ್ಲಿ ಮೋಸದಾಟದ ಆರೋಪಗಳ ಮೇಲೆ ಬಂಧನಗಳಾಗಿ, ಆ ಪಂದ್ಯಾವಳಿಯೇ ನಿಂತುಹೋಯಿತು. 2022ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯು ಮಹಾರಾಜ ಟ್ರೋಫಿಯನ್ನು ಆರಂಭಿಸಿದಾಗ, ಖಾಸಗಿ ಒಡೆತನದ ಪದ್ಧತಿಯನ್ನು ಬಿಟ್ಟು, ಪ್ರಾಯೋಜಕರ ನೆರವಿನಿಂದ ತಂಡಗಳನ್ನು ತಾನೇ ನಡೆಸಿತು. ಅವುಗಳಲ್ಲಿ ಶಿವಮೊಗ್ಗ ಸ್ಟ್ರೈಕರ್ಸ್ ಒಂದು. ಮುಂದಿನ ವರ್ಷ ಒಡೆತನದ ಪದ್ಧತಿ ಮರಳಿ, ಶಿವಮೊಗ್ಗ ಲಯನ್ಸ್ ಎಂಬ ಹೆಸರು ಬಂದಿತು. ಒಡೆಯರ ದುರಾಸೆಯನ್ನು ಕಂಡು ಸಂಸ್ಥೆ ತಾನೇ ತಂಡ ನಡೆಸಲು ಹೊರಟುದು ಸದುದ್ದೇಶದ ಹೆಜ್ಜೆ. ಆದರೆ ನ್ಯೂ ಆರ್ಲಿಯನ್ಸ್‌ನಲ್ಲಿಯೂ ಲೀಗು ತಂಡವನ್ನು ಕೊಂಡದ್ದು ಸದುದ್ದೇಶದಿಂದಲೇ. ನವುಲೆಯ ಮೈದಾನದಲ್ಲಿ ಬೆವರು ಸುರಿಸುವ ಹುಡುಗನು ನಾಳೆ ಇಂಥ ತಂಡಕ್ಕೆ ಆಯ್ಕೆಯಾದಾಗ, ತನ್ನನ್ನು ಆಡಿಸುವವರು ಯಾರು, ತನ್ನ ದೂರನ್ನು ಕೇಳುವವರು ಯಾರು ಎಂಬುದು ಅವನಿಗೆ ಬೇರೆ ಬೇರೆಯಾಗಿ ಕಾಣಬೇಕು. ಎರಡೂ ಒಂದೇ ಬಾಗಿಲಾದರೆ ಅವನು ದೂರು ಹೇಳುವುದಿಲ್ಲ, ಸುಮ್ಮನಾಗುತ್ತಾನೆ.

ನ್ಯಾಯವನ್ನು ಹೊರಗೆಲ್ಲೋ ಹುಡುಕಬೇಕಾಗಿಲ್ಲ. ಶಿವಮೊಗ್ಗದ ನೆರೆಯ ಭದ್ರಾವತಿಯಲ್ಲಿ 1949ರಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥ್ ಅವರು 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟ್ ಪಂದ್ಯದಲ್ಲಿ ಭಾರತದ ನಾಯಕರಾಗಿದ್ದರು. ಇಂಗ್ಲೆಂಡ್ 58 ಓಟಗಳಿಗೆ ಐದು ವಿಕೆಟ್ ಕಳೆದುಕೊಂಡು ಕುಸಿದಿತ್ತು. ಆಮೇಲೆ ಬಾಬ್ ಟೇಲರ್ ಅವರು ಔಟೆಂದು ಅಂಪೈರ್ ತೀರ್ಪಿತ್ತರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ಅವರು ಟೇಲರ್ ಅವರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಇಯಾನ್ ಬೋಥಮ್ ಅವರ ಜೊತೆಯಾಟ 171 ಓಟಗಳಿಗೆ ಬೆಳೆಯಿತು. ಭಾರತವು ಹತ್ತು ವಿಕೆಟುಗಳಿಂದ ಸೋತಿತು. ಆ ಸೋಲಿಗಾಗಿ ಅವರನ್ನು ದೂಷಿಸುವವರು ಇಂದು ಕಾಣಸಿಗುವುದು ಅಪರೂಪ. ಆ ಕರೆಯನ್ನು ಕೊಂಡಾಡುವವರು ಇಂಗ್ಲೆಂಡಿನಲ್ಲಿಯೂ ಇದ್ದಾರೆ.

ಅಲ್ಲಿಯೂ ಒಂದು ತೀರ್ಪನ್ನು ಬದಲಾಯಿಸಲಾಯಿತು, ಲೀಗಿನ ತಡೆಯಲ್ಲಿಯೂ ಒಂದು ವ್ಯವಹಾರವನ್ನು ಬದಲಾಯಿಸಲಾಯಿತು. ವಿಶ್ವನಾಥ್ ಅವರೂ ಆ ಪಂದ್ಯದಲ್ಲಿ ಪಕ್ಷಗಾರರೇ ಆಗಿದ್ದರು. ಆದರೆ ಅವರ ಕೈ ತಕ್ಕಡಿಯನ್ನು ಮುಟ್ಟಿದ್ದು ತನಗೇ ನಷ್ಟವಾಗುವ ಕಡೆಗೆ. ಅಂಥ ಕೈಗೆ ಯಾವ ಅನುಮತಿಯೂ ಬೇಡ, ಅದರ ಉದ್ದೇಶವನ್ನು ಯಾರೂ ಶಂಕಿಸುವುದಿಲ್ಲ. ತನಗೆ ಲಾಭವಾಗುವ ಕಡೆಗೆ ತಕ್ಕಡಿಯನ್ನು ಮುಟ್ಟುವ ಕೈಗಾದರೋ ಮೊದಲೇ ಬರೆದ ನಿಯಮ, ಹೊರಗಿನವರ ಸಾಕ್ಷಿ, ಬರೆದು ಕೊಟ್ಟ ಕಾರಣ ಎಲ್ಲವೂ ಬೇಕು. ಸ್ಟರ್ನ್ ಅವರ ತಡೆಯಲ್ಲಿ ಇಲ್ಲದಿದ್ದುದು ಇವೇ.

ಜಡೇಜ ಅವರ ಕಥೆಗೆ ಒಂದು ಮುಂದಿನ ಅಧ್ಯಾಯವಿದೆ. 2025ರ ನವೆಂಬರಿನಲ್ಲಿ ಚೆನ್ನೈ ತಂಡವು ಅವರನ್ನು ಮತ್ತು ಸ್ಯಾಮ್ ಕರನ್ ಅವರನ್ನು ಕೊಟ್ಟು ಸಂಜು ಸ್ಯಾಮ್ಸನ್ ಅವರನ್ನು ಪಡೆಯಿತು. ಜಡೇಜ ಅವರು ಹೋದುದು ಬೇರೆಲ್ಲಿಗೂ ಅಲ್ಲ, ಹದಿನೈದು ವರ್ಷಗಳ ಹಿಂದೆ ಬಿಡಬಯಸಿದ್ದಕ್ಕೆ ಶಿಕ್ಷೆ ಅನುಭವಿಸಿದ ಅದೇ ರಾಜಸ್ಥಾನ ತಂಡಕ್ಕೆ. ವಾರ್ಷಿಕ ಮೊತ್ತವೂ 18 ಕೋಟಿಯಿಂದ 14 ಕೋಟಿ ರೂಪಾಯಿಗೆ ಇಳಿಯಿತು. ಲೀಗು ಅನುಮೋದಿಸಿತು. ತಂಡವು ಆಟಗಾರನನ್ನು ಬಿಡಬಯಸಿದಾಗ ಅದಕ್ಕೊಂದು ಮಾರ್ಗವಿದೆ, ವೇಳಾಪಟ್ಟಿಯಿದೆ. ಆಟಗಾರನು ತಂಡವನ್ನು ಬಿಡಬಯಸಿದಾಗ ತಾನೇ ಹೋಗಿ ತಟ್ಟಬಹುದಾದ ಬಾಗಿಲು ಯಾವುದು? ಆಟಗಾರನ ಕೋರಿಕೆಯನ್ನು ಕೇಳಿ, ಒಪ್ಪಿದರೂ ನಿರಾಕರಿಸಿದರೂ ಕಾರಣವನ್ನು ಬರೆದು ತಿಳಿಸುವ, ತಂಡಗಳ ಹಂಗಿಲ್ಲದ ಒಂದು ಪೀಠವನ್ನು ಲೀಗು ಸ್ಥಾಪಿಸುವವರೆಗೆ ಅದರ ತಡೆಗಳನ್ನು ಅಧಿಕಾರವೆಂದು ಒಪ್ಪಬಹುದು, ನ್ಯಾಯವೆಂದು ಒಪ್ಪುವುದು ಕಷ್ಟ.

ಈ ಮಾತು ಕ್ರೀಡಾ ಲೀಗುಗಳಿಗೆ ಮಾತ್ರ ಹೇಳಿ ಮುಗಿಸುವಂಥದಲ್ಲ. ಟ್ರಸ್ಟಿನ ಮಳಿಗೆಗಳ ಬಾಡಿಗೆ ಹರಾಜಿಗೆ ಬಂದಾಗ ಹರಾಜು ನಡೆಸುವ ಧರ್ಮದರ್ಶಿಯ ಬಂಧುವೂ ದರ ಕೂಗುವುದುಂಟು. ಆತನು ನ್ಯಾಯವಾದ ದರವನ್ನೇ ಕೂಗಿರಬಹುದು. ಆದರೂ ಆ ದಿನ ಧರ್ಮದರ್ಶಿಯು ಪೀಠದಿಂದ ಎದ್ದು ಹೊರಗೆ ಕುಳಿತರೆ, ಮಳಿಗೆ ಯಾರಿಗೇ ಹೋಗಲಿ, ಸಭೆಯಲ್ಲಿದ್ದವರು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ.